ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜನ್ ಎಕ್ಸ್‌ರೇಯಿಂದಲೇ ಸತ್ತರೇ?

ಎಕ್ಸ್‌ರೇ ಕಂಡುಹಿಡಿದ ವಿಜ್ಞಾನಿಯನ್ನು ಅದೇ ಕಿರಣ ಕೊಂದಿತು ಎಂಬ ಮಾತು ವಾಟ್ಸಾಪ್‌ನಲ್ಲಿ ಬಂದರೆ ನಂಬುವುದು ಸುಲಭ. ಅವರು ಸತ್ತದ್ದು ಕ್ಯಾನ್ಸರ್‌ನಿಂದ ಎಂಬುದು ನಿಜ. ಆದರೆ ಅದಕ್ಕೆ ಎಕ್ಸ್‌ರೇ ಕಾರಣವೇ? ಅವರ ಬದುಕನ್ನೇ ನೋಡೋಣ.

ವಿಲ್‌ಹೆಲ್ಮ್ ರಾಂಟ್‌ಜನ್ ಹುಟ್ಟಿದ್ದು 1845ರಲ್ಲಿ, ಈಗಿನ ಜರ್ಮನಿಯ ಲೆನ್ನೆಪ್‌ನಲ್ಲಿ. ತಂದೆ ಬಟ್ಟೆ ವ್ಯಾಪಾರಿ. ಶಿಕ್ಷಕರ ವ್ಯಂಗ್ಯಚಿತ್ರ ಬರೆದ ಸಹಪಾಠಿಯ ಹೆಸರು ಹೇಳಲಿಲ್ಲವೆಂದು ಶಾಲೆಯಿಂದ ಹೊರಬಿದ್ದ ಹುಡುಗ, ಮುಂದೆ ಜ್ಯೂರಿಕ್‌ನಲ್ಲಿ ಓದಿ 1869ರಲ್ಲಿ ಡಾಕ್ಟರೇಟ್ ಪಡೆದರು.

1895ರ ನವೆಂಬರ್ 8ರಂದು ವುರ್ಜ್‌ಬರ್ಗ್‌ನ ಪ್ರಯೋಗಾಲಯದಲ್ಲಿ, ಕಪ್ಪು ರಟ್ಟು ಮುಚ್ಚಿದ್ದ ಗಾಜಿನ ಕೊಳವೆಗೆ ವಿದ್ಯುತ್ ಹರಿಸಿದಾಗ ಆಚೆಯಿದ್ದ ಪರದೆ ಹೊಳೆಯಿತು. ಈ ಅಪರಿಚಿತ ಕಿರಣಕ್ಕೆ ಅವರು ಎಕ್ಸ್ ಎಂದು ಹೆಸರಿಟ್ಟರು. ಡಿಸೆಂಬರ್ 22ರಂದು ಪತ್ನಿ ಬರ್ತಾ ಅವರ ಕೈಮೂಳೆಯ ಚಿತ್ರ ತೆಗೆದರು. 1.5 ಮಿಲಿಮೀಟರ್ ಸೀಸ ಈ ಕಿರಣವನ್ನು ಬಹುತೇಕ ತಡೆಯುತ್ತದೆ ಎಂದು ಮೊದಲ ವರದಿಯಲ್ಲೇ ಬರೆದರು.

ನಂತರ ಅವರು ಸತುವಿನ ದೊಡ್ಡ ಪೆಟ್ಟಿಗೆ ಮಾಡಿಸಿ, ಸೀಸದ ಹೊದಿಕೆ ಹಾಕಿಸಿ, ಅದರೊಳಗೆ ನಿಂತು ಪ್ರಯೋಗ ಮಾಡಿದರು. ಉದ್ದೇಶ ಅಳತೆ ಕೆಡದಿರಲಿ ಎಂಬುದಷ್ಟೇ. ಗೊತ್ತಿಲ್ಲದೆಯೇ ಅದು ಅವರ ಮೈಯನ್ನೂ ಕಾಯಿತು.

ಪೇಟೆಂಟ್ ಬೇಡವೆಂದರು. ಯಂತ್ರ ಬೇಗ ಎಲ್ಲೆಡೆ ಹರಡಿತು, ಸೀಸದ ರಕ್ಷಣೆ ಮಾತ್ರ ಅಷ್ಟು ಬೇಗ ಹರಡಲಿಲ್ಲ. ಅಮೆರಿಕದಲ್ಲಿ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಪರೀಕ್ಷೆಗೆಂದು ತನ್ನ ಕೈಯನ್ನೇ ಮತ್ತೆ ಮತ್ತೆ ಕಿರಣಕ್ಕೆ ಒಡ್ಡಿದರು. ಹುಣ್ಣಾಗಿ, ಕೈಗಳನ್ನು ಕತ್ತರಿಸಬೇಕಾಗಿ ಬಂದು, 1904ರಲ್ಲಿ ತೀರಿಕೊಂಡರು. ಎಡಿಸನ್ ಈ ಸಂಶೋಧನೆಯನ್ನೇ ಕೈಬಿಟ್ಟರು.

1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಪಡೆದ ರಾಂಟ್‌ಜನ್, ಹಣವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1923ರ ಫೆಬ್ರವರಿ 10ರಂದು, 77ನೇ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರ್‌ನಿಂದ ಮ್ಯೂನಿಕ್‌ನಲ್ಲಿ ನಿಧನರಾದರು. ಅವರು ಈ ಕಿರಣಗಳ ಮೇಲೆ ಕೆಲಸ ಮಾಡಿದ್ದು ಕೆಲವೇ ವರ್ಷ, ಅದೂ ಸೀಸದ ಮರೆಯಲ್ಲಿ. ಅವರ ಸಾವಿಗೆ ಎಕ್ಸ್‌ರೇ ಕಾರಣ ಎನ್ನಲು ಆಧಾರವಿಲ್ಲ.

ಬೆಟ್ಟದಪುರದಿಂದ ಪಿರಿಯಾಪಟ್ಟಣಕ್ಕೋ ಹುಣಸೂರಿಗೋ ಎಕ್ಸ್‌ರೇಗೆ ಹೋದಾಗ ಕಾಣುವ ದಪ್ಪ ಇಟ್ಟಿಗೆ ಗೋಡೆ, ಸೀಸದ ಹಾಳೆ ಹೊಡೆದ ಬಾಗಿಲು, ಸಿಬ್ಬಂದಿ ನಿಲ್ಲುವ ಮರೆ ಎಲ್ಲವೂ ಅದೇ ಪೆಟ್ಟಿಗೆಯ ಕೆಲಸವನ್ನೇ ಮಾಡುತ್ತವೆ. ಎದೆಯ ಒಂದು ಎಕ್ಸ್‌ರೇಯಿಂದ ಸಿಗುವ ವಿಕಿರಣ, ಪ್ರಕೃತಿಯಿಂದ ನಮಗೆ ಸುಮಾರು 3 ದಿನಗಳಲ್ಲಿ ಸಿಗುವಷ್ಟು. ಸ್ವಿಚ್ ಆರಿಸಿದ ಮೇಲೆ ಕೋಣೆಯಲ್ಲಿ ಕಿರಣ ಉಳಿಯುವುದಿಲ್ಲ. ಹಾಗಾಗಿ ಬೇಕಾದ ಎಕ್ಸ್‌ರೇಗೆ ಹೆದರಬೇಡಿ. ಜೊತೆಗೆ ಬಂದವರು ಹೊರಗಿರಿ, ಬಾಗಿಲು ಮುಚ್ಚಿದೆಯೇ ನೋಡಿ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ.