ವ್ಯಕ್ತಕ್ಕೂ ಗುರುತಿಟ್ಟ ಭಾಸ್ಕರಾಚಾರ್ಯರು

ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡದ ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ತಂದೆ ಮಹೇಶ್ವರರೇ ಗುರು. 36ನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಅವರ ಬೀಜಗಣಿತದಲ್ಲಿ, ಪೂರ್ವಾಚಾರ್ಯರ ಪದ್ಧತಿಯಂತೆ, ಮೊದಲ ಅವ್ಯಕ್ತರಾಶಿಗೆ ಯಾವತ್ತಾವತ್, ಮುಂದಿನವಕ್ಕೆ ಕಾಲಕ, ನೀಲಕ ಮುಂತಾದ ಬಣ್ಣಗಳ ಹೆಸರು. ವಿಶೇಷವೆಂದರೆ, ಬರಿಯ ಸಂಖ್ಯೆಗೂ ರೂಪವೆಂಬ ಹೆಸರುಂಟು. ಅವ್ಯಕ್ತದ ಐದರಷ್ಟಕ್ಕೆ ಎಂಟು ಕೂಡಿದರೆ ಬರೆಯುವುದು ಯಾ 5 ರೂ 8 ಎಂದು. ಎರಡೂ ಅಂಕಿಗಳೇ, ಜಾತಿಯನ್ನು ತಿಳಿಸುವುದು ಮುಂದಿನ ಅಕ್ಷರ. ಅದನ್ನು ಮರೆತು 13 ಎಂದವನ ಲೆಕ್ಕ ಅಲ್ಲಿಗೇ ಕೆಟ್ಟಿತು. ಇಂದು ಗಣಕಯಂತ್ರಕ್ಕೆ ಬೀಜಗಣಿತ ಕಲಿಸುವವರೂ ಇದು ಸಂಖ್ಯೆಯೋ ಅವ್ಯಕ್ತವೋ ಎಂಬುದನ್ನು ಅದಕ್ಕೆ ಮೊದಲು ತಿಳಿಸಿಕೊಡಬೇಕು. ಆಚಾರ್ಯರು 69ನೆಯ ವಯಸ್ಸಿನಲ್ಲಿಯೂ ಕರಣಕುತೂಹಲವನ್ನು ಬರೆದರು. ಅವರ ಗ್ರಂಥಗಳ ಪಾಠಕ್ಕಾಗಿ ಮೊಮ್ಮಗ ಚಾಂಗದೇವನು ಮಠವೊಂದನ್ನು ಸ್ಥಾಪಿಸಿದುದನ್ನು 1207ರ ಪಾಟಣ ಶಾಸನವು ಹೇಳುತ್ತದೆ. ತಿಳಿದುದನ್ನೂ ತಿಳಿಯದುದನ್ನೂ ಬೇರೆಬೇರೆಯಾಗಿ ಗುರುತಿಸುವ ಆ ವಿವೇಕ ಗಣಿತಕ್ಕೆ ಮಾತ್ರ ಮೀಸಲಲ್ಲ.