ವುಡ್ರೋ ವಿಲ್ಸನ್: ಒಲ್ಲದ ಯುದ್ಧದ ಹೊಸ್ತಿಲಲ್ಲಿ

ಅಮೆರಿಕದ ಅಧ್ಯಕ್ಷರ ಪೈಕಿ ಸಂಶೋಧನೆ ನಡೆಸಿ ಪಿಎಚ್.ಡಿ. ಪದವಿ ಪಡೆದವರು ಇದುವರೆಗೆ ವುಡ್ರೋ ವಿಲ್ಸನ್ ಒಬ್ಬರೇ. 1856ರ ಡಿಸೆಂಬರ್ 28ರಂದು ವರ್ಜೀನಿಯಾದ ಸ್ಟಾಂಟನ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಅವರ ಬಾಲ್ಯ ಕಳೆದದ್ದು ಜಾರ್ಜಿಯಾದ ಆಗಸ್ಟಾ ಪಟ್ಟಣದಲ್ಲಿ. ಅಂತರ್ಯುದ್ಧದ ಆ ವರ್ಷಗಳಲ್ಲಿ ತಂದೆಯ ಚರ್ಚು ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಯುದ್ಧದ ಬಗೆಗೆ ಅವರಲ್ಲಿದ್ದ ಅಳುಕಿಗೆ ಯಾವುದೇ ಸಿದ್ಧಾಂತಕ್ಕಿಂತ ಮೊದಲು ಈ ನೆನಪೇ ಕಾರಣವಾಗಿರಬೇಕೆಂದು ತೋರುತ್ತದೆ.

ಪ್ರಾಧ್ಯಾಪಕರಾಗಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ, ನ್ಯೂಜೆರ್ಸಿಯ ಗವರ್ನರ್ ಆಗಿ ಅವರು 1913ರಲ್ಲಿ ರಾಷ್ಟ್ರಾಧ್ಯಕ್ಷರಾದರು. 1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡ ವಾರದಲ್ಲೇ ಪತ್ನಿ ಎಲೆನ್ ತೀರಿಕೊಂಡರು. ವಿಲ್ಸನ್ ತಟಸ್ಥ ನೀತಿಯನ್ನು ಘೋಷಿಸಿದರು. ಆದರೆ ಅಮೆರಿಕದ ಸರಕೂ ಸಾಲವೂ ಹೆಚ್ಚಾಗಿ ಹರಿದದ್ದು ಬ್ರಿಟನ್, ಫ್ರಾನ್ಸ್‌ಗಳ ಕಡೆಗೇ ಎಂಬುದನ್ನು ಮರೆಯುವಂತಿಲ್ಲ. 1915ರ ಮೇ 7ರಂದು ಜರ್ಮನಿಯ ಜಲಾಂತರ್ಗಾಮಿಯೊಂದು ಲೂಸಿಟಾನಿಯಾ ಹಡಗನ್ನು ಮುಳುಗಿಸಿದಾಗ ಸತ್ತವರಲ್ಲಿ 128 ಮಂದಿ ಅಮೆರಿಕನ್ನರಿದ್ದರು. ವಿಲ್ಸನ್ನರ ಪ್ರತಿಭಟನಾ ಪತ್ರ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ಗೆ ಹೇಡಿತನವೆನಿಸಿತು. ವಿದೇಶಾಂಗ ಸಚಿವ ಬ್ರಯಾನ್‌ಗೆ ಅತಿ ಕಟುವೆನಿಸಿ ಅವರು ರಾಜೀನಾಮೆಯನ್ನೇ ಕೊಟ್ಟರು.

1916ರ ಚುನಾವಣೆಯಲ್ಲಿ ದೇಶವನ್ನು ಯುದ್ಧದಿಂದ ದೂರವಿರಿಸಿದ ನಾಯಕನೆಂದೇ ಅವರ ಪಕ್ಷ ಮತ ಯಾಚಿಸಿ ಗೆದ್ದಿತು. 1917ರ ಜನವರಿಯಲ್ಲಿ, ಗೆದ್ದವರು ಸೋತವರೆಂಬ ಭೇದವಿಲ್ಲದ ಸಂಧಾನವೊಂದೇ ಬಾಳುವುದೆಂದು ಅವರು ಸೆನೆಟ್ಟಿನ ಮುಂದೆ ವಾದಿಸಿದರು. ಆ ತಿಂಗಳು ಮುಗಿಯುವುದರೊಳಗೆ ಜರ್ಮನಿ ನಿರ್ಬಂಧರಹಿತ ಜಲಾಂತರ್ಗಾಮಿ ಸಮರವನ್ನು ಪ್ರಕಟಿಸಿತು. ಫೆಬ್ರವರಿ 3ರಂದು ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡರೂ ವಿಲ್ಸನ್ ಯುದ್ಧದ ಮಾತೆತ್ತಲಿಲ್ಲ. ಟೆಕ್ಸಸ್ ಮೊದಲಾದ ಪ್ರದೇಶಗಳ ಆಸೆ ತೋರಿಸಿ ಮೆಕ್ಸಿಕೋವನ್ನು ಎತ್ತಿಕಟ್ಟುವ ಝಿಮ್ಮರ್‌ಮನ್ ತಂತಿ ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಬಯಲಾಯಿತು. ಅನಂತರ ಅಮೆರಿಕದ ಹಡಗುಗಳೇ ಒಂದರ ಹಿಂದೊಂದು ಮುಳುಗಿದವು. ರಷ್ಯದಲ್ಲಿ ಝಾರ್ ಪದಚ್ಯುತನಾದದ್ದರಿಂದ ಪ್ರಜಾಪ್ರಭುತ್ವಗಳ ಪಕ್ಷವೆಂದು ಮಿತ್ರಕೂಟವನ್ನು ಸಮರ್ಥಿಸುವುದೂ ಸುಲಭವಾಯಿತು. ಮಾರ್ಚ್ 20ರಂದು ಸಚಿವರೆಲ್ಲರೂ ಒಮ್ಮತದಿಂದ ಯುದ್ಧವೆಂದರು; ವಿಲ್ಸನ್ ತಮ್ಮ ತೀರ್ಮಾನವನ್ನು ಹೇಳದೆಯೇ ಸಭೆಯನ್ನು ಮುಗಿಸಿದರು. ಸಂಧಾನದ ಮೇಜಿನಲ್ಲಿ ಸ್ಥಾನ ಬೇಕಾದರೆ ರಣರಂಗಕ್ಕೂ ಇಳಿಯಬೇಕಾದೀತೆಂಬ ವಿಚಾರವೂ ಅವರನ್ನು ಅತ್ತ ತಳ್ಳಿರಬೇಕು.

ಏಪ್ರಿಲ್ 2ರ ರಾತ್ರಿ ಅವರು ಕಾಂಗ್ರೆಸ್ಸಿನ ಮುಂದೆ ಯುದ್ಧಘೋಷಣೆಯನ್ನು ಕೋರಿದರು. ಸೆನೆಟ್ 82-6ರಿಂದಲೂ ಪ್ರತಿನಿಧಿಸಭೆ 373-50ರಿಂದಲೂ ಒಪ್ಪಿದವು. ಏಪ್ರಿಲ್ 6ರಂದು ಅವರ ಅಂಕಿತ ಬಿದ್ದಿತು. ಒಲ್ಲದ ಮನಸ್ಸಿನಿಂದ ಯುದ್ಧಕ್ಕಿಳಿದ ಇವರೇ ಅದನ್ನು ವಿರೋಧಿಸಿದವರ ವಿಷಯದಲ್ಲಿ ಕನಿಕರ ತೋರಲಿಲ್ಲ. ಯುದ್ಧವಿರೋಧಿ ಭಾಷಣಕ್ಕಾಗಿ ಹತ್ತು ವರ್ಷಗಳ ಶಿಕ್ಷೆಗೊಳಗಾದ ಸಮಾಜವಾದಿ ಯೂಜೀನ್ ಡೆಬ್ಸ್‌ರನ್ನು ಯುದ್ಧ ಮುಗಿದ ಮೇಲೂ ಬಿಡುಗಡೆ ಮಾಡಲಿಲ್ಲ.

ಪ್ರಜಾಪ್ರಭುತ್ವದ ಹೆಸರಿನಲ್ಲಿ ಹೊರಟ ಈ ಕರೆಯನ್ನು ಮದರಾಸಿನ ಎಸ್. ಸುಬ್ರಹ್ಮಣ್ಯ ಅಯ್ಯರ್ ಅಕ್ಷರಶಃ ನಂಬಿದರು. ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರೂ ಹೋಮ್‌ರೂಲ್ ನಾಯಕರೂ ಆಗಿದ್ದ ಅವರು ಭಾರತಕ್ಕೂ ಸ್ವರಾಜ್ಯ ದೊರೆಯುವಂತೆ ಮಾಡಬೇಕೆಂದು 1917ರ ಜೂನ್‌ನಲ್ಲಿ ವಿಲ್ಸನ್‌ಗೆ ಪತ್ರ ಬರೆದರು. ಬ್ರಿಟಿಷ್ ಅಧಿಕಾರಿಗಳು ಕೆರಳಿದರು. 1918ರಲ್ಲಿ ಅಯ್ಯರ್ ತಮ್ಮ ಸರ್ಕಾರಿ ಬಿರುದುಗಳನ್ನು ತ್ಯಜಿಸಿದರು.

1919ರ ಅಕ್ಟೋಬರಿನಲ್ಲಿ ವಿಲ್ಸನ್ ಪಾರ್ಶ್ವವಾಯುವಿಗೆ ತುತ್ತಾದರು. ಅವರು ಹಂಬಲಿಸಿ ಕಟ್ಟಿದ ರಾಷ್ಟ್ರಸಂಘವನ್ನು ಅವರ ದೇಶವೇ ಸೇರಲಿಲ್ಲ. 1924ರ ಫೆಬ್ರವರಿ 3ರಂದು ಅವರು ವಾಷಿಂಗ್ಟನ್ನಿನಲ್ಲಿ ನಿಧನರಾದರು.