ಷೂಮನ್ನನ ಪ್ರಣಯಸ್ವರಗಳು

ಒಲಿದವಳ ಹೆಸರನ್ನು ಮರದ ತೊಗಟೆಯ ಮೇಲೆ ಕೆತ್ತುವ ತರುಣರನ್ನು ನಾವೆಲ್ಲ ಕಂಡಿದ್ದೇವೆ. ಜರ್ಮನಿಯ ರಾಬರ್ಟ್ ಷೂಮನ್ನನು ಅದನ್ನು ಪಿಯಾನೋದ ಸ್ವರಗಳಲ್ಲಿ ಕೆತ್ತಿದನು.

ಆತನು 1810ನೆಯ ಜೂನ್ 8ರಂದು ತ್ಸ್ವಿಕಾವ್ ಎಂಬ ಊರಿನಲ್ಲಿ ಪುಸ್ತಕವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಹದಿನಾರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ಮಗನು ನ್ಯಾಯಶಾಸ್ತ್ರವನ್ನು ಓದಲೆಂದು ತಾಯಿಯ ಹಂಬಲ; ಮಗನಿಗೋ ಸಂಗೀತದ ಹುಚ್ಚು. ಮನೆಯವರ ಆಸೆಯೊಂದು, ಓದುವವನ ಮನಸ್ಸೊಂದು! ಮನೆತನಕ್ಕೇ ಮೊದಲ ಪದವೀಧರನಾಗಲು ಹೊರಟ ನನ್ನಂಥವನಿಗೆ ಇದು ಹೊಸ ಕಥೆಯೇನಲ್ಲ. ಕೊನೆಗೆ ತಾಯಿಯೇ ಸೋತಳು. 1830ರಲ್ಲಿ ಆತನು ಲೈಪ್‌ಜಿಗ್ ನಗರದ ಫ್ರೀಡ್ರಿಕ್ ವೀಕನ ಮನೆಯಲ್ಲಿಯೇ ನಿಂತು ಪಿಯಾನೋ ಕಲಿಯತೊಡಗಿದನು. ಗುರುಪುತ್ರಿ ಕ್ಲಾರಾ ಆಗ ಹನ್ನೊಂದರ ಬಾಲೆ. ಕೈ ಮಾತ್ರ ಆಗಲೇ ಪಳಗಿದ ಕೈ. ಷೂಮನ್ನನ ಬಲಗೈಯ ಬೆರಳು ಕೆಟ್ಟು, ವಾದಕನಾಗುವ ಕನಸು ಮುರಿದು, ಆತನು ರಚನಕಾರನಾದನು.

ನಾವು ಸ್ವರಗಳನ್ನು ಸ ರಿ ಗ ಮ ಎಂದು ಕರೆಯುವಂತೆ ಜರ್ಮನರು ತಮ್ಮ ಅಕ್ಷರಗಳಿಂದ ಕರೆಯುತ್ತಾರೆ. ಆದುದರಿಂದ ಕೆಲವು ಹೆಸರುಗಳನ್ನು ನುಡಿಸಲೂ ಬರುತ್ತದೆ. ಷೂಮನ್ನನ ಮೊದಲನೆಯ ಪ್ರಕಟಿತ ಕೃತಿ ಪರಿಚಯದ ಹುಡುಗಿಯೊಬ್ಬಳ ಮನೆತನದ ಹೆಸರಾದ ‘ಅಬೆಗ್’ ಎಂಬುದರ ಐದು ಅಕ್ಷರಗಳಿಂದಲೇ ಹುಟ್ಟಿತು. ಅದು ಹುಡುಗಾಟವೆನ್ನೋಣ.

1834ರಲ್ಲಿ ಬೊಹೀಮಿಯದ ಆಷ್ ಎಂಬ ಊರಿನಿಂದ ಅರ್ನೆಸ್ಟೀನ್ ಫಾನ್ ಫ್ರಿಕೆನ್ ಎಂಬ ತರುಣಿ ವೀಕನಲ್ಲಿ ಕಲಿಯಲು ಬಂದಳು. ಕೆಲವೇ ತಿಂಗಳಲ್ಲಿ ಇಬ್ಬರಿಗೂ ಗುಟ್ಟಾಗಿ ನಿಶ್ಚಯವಾಯಿತು. ಆಕೆಯ ಊರಿನ ಹೆಸರಿನ ನಾಲ್ಕು ಅಕ್ಷರಗಳೂ ಸ್ವರಗಳೇ. ತನ್ನ ಹೆಸರಿನಲ್ಲಿ ಸ್ವರವಾಗಬಲ್ಲ ಅಕ್ಷರಗಳೂ ಅವೇ ಎಂಬುದನ್ನು ಕಂಡು ಷೂಮನ್ನನು ಹಿಗ್ಗಿದನು. ಆ ಸ್ವರಗಳ ಮೇಲೆ ‘ಕಾರ್ನವಾಲ್’ ಎಂಬ ಕೃತಿಯನ್ನು ಕಟ್ಟಿದನು. ಅದೊಂದು ಮುಖವಾಡದ ಕುಣಿತ. ಸುಮಾರು ಇಪ್ಪತ್ತು ಪುಟ್ಟ ರಚನೆಗಳಲ್ಲಿ ಒಬ್ಬೊಬ್ಬರೇ ಬಂದು ಹೋಗುತ್ತಾರೆ. ‘ಎಸ್ಟ್ರೆಲ್ಲಾ’ ಎಂಬವಳು ಅರ್ನೆಸ್ಟೀನ್. ‘ಕಿಯರಿನಾ’ ಎಂಬವಳು ಕ್ಲಾರಾ. ಇಬ್ಬರ ನಡುವೆ ಷೋಪ್ಯಾನನ ಹೆಸರಿನ ರಚನೆಯೊಂದೇ ಅಡ್ಡ. ಧ್ವನಿಮುದ್ರಣದಲ್ಲಿ ನಾನಿದನ್ನು ಹಲವು ಸಲ ಕೇಳಿದ್ದೇನೆ. ಮಾತು ಕೊಟ್ಟಿದ್ದು ಅರ್ನೆಸ್ಟೀನಳಿಗೆ. ಆವೇಶದಿಂದ ನುಡಿಸಬೇಕೆಂದು ಬರೆದಿರುವುದು ಕಿಯರಿನಾಳಿಗೆ! ಆತನಿಗಿಂತ ಮೊದಲು ಆತನ ಸಂಗೀತಕ್ಕೆ ನಿಜ ತಿಳಿದಿತ್ತೆಂದು ನನಗೆ ತೋರುತ್ತದೆ.

ಅರ್ನೆಸ್ಟೀನಳು ಸಾಕುಮಗಳೆಂಬುದು ಆಮೇಲೆ ತಿಳಿಯಿತು, ಷೂಮನ್ನನ ಮನಸ್ಸೂ ಕ್ಲಾರಾಳ ಕಡೆ ತಿರುಗಿತು, ಸಂಬಂಧ ಮುರಿಯಿತು. ಚರಿತ್ರಕಾರರು ಇದನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ನನಗೆ ಸರಿಕಾಣದು.

ಮುಂದಿನದು ಪ್ರಸಿದ್ಧವೇ. ವೀಕನು ಮಗಳನ್ನು ಕೊಡಲೊಪ್ಪಲಿಲ್ಲ. 1836ರಲ್ಲಿ ಇಬ್ಬರೂ ಸಂಧಿಸದಂತೆ ತಡೆದನು. ಆ ಅಗಲಿಕೆಯಲ್ಲಿಯೇ ‘ಫ್ಯಾಂಟಸಿ’ ಎಂಬ ಮಹಾಕೃತಿಯ ಮೊದಲ ಭಾಗ ಹುಟ್ಟಿತು. ಮರುವರ್ಷದ ಹದಿನೆಂಟು ನೃತ್ಯರಚನೆಗಳು ಕ್ಲಾರಾಳೇ ರಚಿಸಿದ ಸ್ವರಗುಚ್ಛದಿಂದ ಆರಂಭವಾಗುತ್ತವೆ. ನ್ಯಾಯಾಲಯದ ಮೆಟ್ಟಿಲು ಹತ್ತಿ, 1840ನೆಯ ಸೆಪ್ಟೆಂಬರ್ 12ರಂದು, ಕ್ಲಾರಾಳಿಗೆ 21 ತುಂಬುವ ಹಿಂದಿನ ದಿನ, ಅವರು ಮದುವೆಯಾದರು.

ಅರ್ನೆಸ್ಟೀನಳು ಬೇರೊಬ್ಬನನ್ನು ಮದುವೆಯಾಗಿ, 1844ರಲ್ಲಿ ತೀರಿಕೊಂಡಳು. ಷೂಮನ್ನನು 1856ರಲ್ಲಿ ಗತಿಸಿದ ಮೇಲೆ ನಾಲ್ವತ್ತು ವರ್ಷ ಬದುಕಿದ ಕ್ಲಾರಾ ಗಂಡನ ಕೃತಿಗಳನ್ನು ಸಭೆಸಭೆಗಳಲ್ಲಿ ನುಡಿಸಿದಳು. ಅವುಗಳಲ್ಲಿ ‘ಕಾರ್ನವಾಲ್’ ಕೂಡ ಇತ್ತು. ಆಷ್ ಊರಿನ ಆ ನಾಲ್ಕು ಸ್ವರಗಳು ಕ್ಲಾರಾಳ ಬೆರಳುಗಳಿಂದಲೇ ಜನರ ಕಿವಿಗೆ ಬಿದ್ದವು.